ಬಣ್ಣಕ್ಕೆ ಎರಡು ಅಂಕ

ಅಕ್ಟೋಬರ್ ಬಂತೆಂದರೆ ಕೋಜಾರ್ ಎತೆಲ್ಕಾಳ ಎರಡೂ ಕೈ ಮಣಿಕಟ್ಟಿನವರೆಗೆ ಕಪ್ಪಾಗುತ್ತಿದ್ದವು. ಅಕ್ರೋಟಿನ ಹಸಿರು ಸಿಪ್ಪೆ ಮುಟ್ಟಿದರೆ ಹಾಗೇ. ಸೋಪಿಗೆ ಜಗ್ಗದು, ನಿಂಬೆಹುಳಿಗೂ ಜಗ್ಗದು, ಕ್ರಿಸ್‌ಮಸ್ ಹತ್ತಿರ ಬಂದ ಮೇಲೆ ತನಗೇ ಬೇಸರವಾಗಿ ಬಿಟ್ಟುಹೋಗುತ್ತದೆ. ನಮ್ಮ ಸಿಲ್ವಾಶ್ ಊರಿನ ಉಳಿದ ಹೆಂಗಸರು ಸಿಪ್ಪೆ ತಾನಾಗಿ ಒಡೆದು ಬೀಳುವವರೆಗೆ ಕಾಯುತ್ತಿದ್ದರು. ಎತೆಲ್ಕಾ ಮಾತ್ರ ಹಸಿಯಾಗಿರುವಾಗಲೇ ಸುಲಿಯುತ್ತಿದ್ದಳು. ಸುಲಿದ ಮೇಲೆ ಒಳಗಿನ ಕಾಯಿಗೆ ಏನಾದರೂ ಗತಿ ಕಾಣಿಸಬೇಕಲ್ಲ, ಅದಕ್ಕೆ ಅಕ್ರೋಟಿನ ಹೂರಣ ತುಂಬಿದ ಸಿಹಿ ಸುರುಳಿ ಸುಡುತ್ತಿದ್ದಳು. ಪಾದ್ರಿಗೆ ಎರಡು, ಅಂಚೆಯವಳಿಗೆ ಎರಡು, ಹೆರಿಗೆಯಾದವರಿಗೆ ನಾಲ್ಕು, ಸತ್ತವರ ಮನೆಗೆ ಆರು. ತಾನು ಮಾಡುತ್ತಿದ್ದ ಮೋಸ ಮುಚ್ಚಿಡುವುದಕ್ಕೆ ನಲವತ್ತು ವರ್ಷ ಊರಿಗೆಲ್ಲ ಸಿಹಿ ಹಂಚಿದ ಹೆಂಗಸು ನಮ್ಮ ಜಿಲ್ಲೆಯಲ್ಲಂತೂ ಇನ್ನೊಬ್ಬಳಿಲ್ಲ.

ಮೋಸ ಶುರುವಾದದ್ದು ಒಂದು ಬ್ರಷ್ಷಿನಿಂದ.

1974ರ ಸೆಪ್ಟೆಂಬರ್. ಎತೆಲ್ಕಾಳಿಗೆ ಹತ್ತೊಂಬತ್ತು, ಮದುವೆಯಾಗಿ ಐದು ವಾರ. ಡ್ಯಾನ್ಯೂಬಿನ ದಡದ ಮೀನುಗಾರರ ಮನೆಯ ಹುಡುಗಿ. ಮೀನಿನ ಹುರುಪೆ ಕಣ್ಣು ಮುಚ್ಚಿಕೊಂಡು ತೆಗೆಯಬಲ್ಲಳು, ಸಾರಂಗವನ್ನು ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರದಲ್ಲಿ ಮಾತ್ರ ಕಂಡವಳು. ಗಂಡ ವೆಂಡೆಲ್ ಕಾಡಿನ ಬೇಟೆಗಾವಲಿನವನು. ಆ ಕಾಲದಲ್ಲಿ ದೊಡ್ಡ ಕೊಂಬಿನ ಸಾರಂಗ ಇರುವುದು ರಾಜಧಾನಿಯಿಂದ ಬರುವ ದೊಡ್ಡವರಿಗೆ. ಕಾವಲಿನವನ ಕೆಲಸ ಅದನ್ನು ಹುಡುಕಿ, ಅತಿಥಿಯ ಮೊಣಕೈ ಹಿಡಿದು ಅದರ ಮುಂದೆ ನಿಲ್ಲಿಸಿ, ಗುಂಡು ತಗಲಿದಾಗ ಆಶ್ಚರ್ಯಪಡುವುದು. ಆ ವರ್ಷ ಬಂದ ಅತಿಥಿ ಹೊಸ ದ್ರಾಕ್ಷಾರಸ ಕುಡಿದು ಹೊಟ್ಟೆ ಕೆಡಿಸಿಕೊಂಡು ಮೂರು ದಿನ ಕಕ್ಕಸಿನಿಂದ ಹೊರಗೇ ಬರಲಿಲ್ಲ. ಸಾರಂಗಗಳು ಕೂಗುವ ಕಾಲ ಮುಗಿಯುತ್ತಿತ್ತು. ಮೇಲಧಿಕಾರಿಗೆ ತಾಳ್ಮೆ ಹೋಗಿ, "ನೀನೇ ಹೊಡ್ಕೊಂಡು ಬಾರಯ್ಯ, ಲೆಕ್ಕಕ್ಕೆ ಒಂದು ತಲೆ ಸಿಕ್ಕರೆ ಸಾಕು" ಅಂದ. ವೆಂಡೆಲನ ಇಡೀ ಜೀವಮಾನಕ್ಕೆ ಸಿಕ್ಕ ದೊಡ್ಡ ಸಾರಂಗ ಅದೊಂದೇ.

ಅಂಗಳದಲ್ಲಿ ಕಡಾಯಿ ಇಟ್ಟು, ಬೆಂಕಿ ಹಚ್ಚಿ, ತಲೆಬುರುಡೆ ಬೇಯಲು ಹಾಕಿ ಅವನು ಕಚೇರಿಗೆ ವರದಿ ಕೊಡಲು ಹೊರಟ. ಹೋಗುವಾಗ ಹೆಂಡತಿಗೆ ಹೇಳಿದ್ದು ಇಷ್ಟೇ: "ಬೆಂದ ಮೇಲೆ ಚೆನ್ನಾಗಿ ಉಜ್ಜು. ಹಾಲಿನ ಹಾಗೆ ಬೆಳ್ಳಗಾಗ್ಬೇಕು ನೋಡು."

ಅವನು ಹೇಳಿದ್ದು ಬುರುಡೆಗೆ. ಬುರುಡೆ ಬಿಳಿ ಇರಬೇಕು, ಕೊಂಬು ಕಂದು ಇರಬೇಕು, ಇದು ನಮ್ಮೂರಿನ ತೊಟ್ಟಿಲ ಮಗುವಿಗೂ ಗೊತ್ತು. ಹೊಳೆಯ ಕಡೆಯ ಹುಡುಗಿಗೆ ಯಾರು ಹೇಳಬೇಕು? ನಿಜ ಹೇಳಬೇಕೆಂದರೆ ಕೊಂಬಿನ ಮೇಲಿನ ಆ ಬಣ್ಣ ಬರೀ ಕೊಳೆ. ಸಾರಂಗ ಮರಕ್ಕೆ ತಲೆ ತಿಕ್ಕಿ ತಿಕ್ಕಿ ತೊಗಟೆಯ ರಸ, ಕೆಸರು, ಧೂಳು ಎಲ್ಲ ಮೆತ್ತಿಸಿಕೊಂಡದ್ದು. ಕೊಳೆ ಕಂಡರೆ ಹೊಸ ಸೊಸೆ ಏನು ಮಾಡುತ್ತಾಳೆ? ಬೂದಿನೀರು ಸುರಿದಳು, ನೆಲ ತಿಕ್ಕುವ ಬ್ರಷ್ಷು ತಂದಳು, ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೊಂದು ಕವಲನ್ನೂ ಮಗುವಿನ ಕಾಲು ತೊಳೆಯುವಂತೆ ತಿಕ್ಕಿದಳು. ವೆಂಡೆಲ್ ಬಂದಾಗ ಹೊಸ ಚಮಚದ ಹಾಗೆ ಕೊಂಬು ಬಿಸಿಲಲ್ಲಿ ಹೊಳೆಯುತ್ತಿತ್ತು.

"ಹೇಗಿದೆ?" ಅಂದಳು.

ವೆಂಡೆಲ್ ಬಹಳ ಹೊತ್ತು ನೋಡಿದ. "ಬೆಳ್ಳಗಿದೆ" ಅಂದ. ಆಮೇಲೆ ಅಂಗಳವನ್ನು ತಾನೇ ಗುಡಿಸಿದ. ಆ ಬ್ರಷ್ಷು ಅವತ್ತಿನಿಂದ ಎತೆಲ್ಕಾಳಿಗೆ ಸಿಗಲಿಲ್ಲ. ವಾರವಿಡೀ ಹುಡುಕಿ, ನಾಯಿಯನ್ನು ಬೈದು, ಸಂತೆಯಲ್ಲಿ ಹೊಸದು ಕೊಂಡಳು.

ಕೊಂಬಿಗೆ ಅಂಕ ಹಾಕಿದವರು ಮಾರ್ಟೊನ್ ಬಾಚಿ ಎನ್ನುವ ಹಿರಿಯರು. ಬಾಚಿ ಅಂದರೆ ಊರಿಗೆಲ್ಲ ಮಾವ. ನಮ್ಮ ಕಡೆ ಕೊಂಬಿಗೆ ಅಂಕ ಹಾಕುವುದು ಕಾನೂನು, ಹುಟ್ಟಿದ ಮಗುವನ್ನು ಬರೆಸುವ ಹಾಗೆ. ಉದ್ದ ಅಳೆದು ಅದರಲ್ಲಿ ಅರ್ಧ, ತೂಕಕ್ಕೆ ಎರಡರಷ್ಟು, ಕವಲು ಒಂದಕ್ಕೆ ಒಂದು ಅಂಕ. ತುದಿಯ ಕಿರೀಟ ನೋಡಲು ಚೆನ್ನಾಗಿದ್ದರೆ ಹತ್ತರವರೆಗೆ. ಮೈಮೇಲಿನ ಮುತ್ತಿನಂಥ ಗುಳ್ಳೆಗಳಿಗೆ ಎರಡರವರೆಗೆ, ಬಣ್ಣಕ್ಕೆ ಎರಡರವರೆಗೆ. ಹೆಣ್ಣು ನೋಡಲು ಬಂದವರೂ ಇಷ್ಟು ಕೆದಕುವುದಿಲ್ಲ. ಒಟ್ಟು ಇನ್ನೂರ ಹತ್ತಾದರೆ ಚಿನ್ನ. ವೆಂಡೆಲನ ಸಾರಂಗಕ್ಕೆ ಬಂದದ್ದು 208.72, ಬೆಳ್ಳಿ. ಬಣ್ಣದ ಮುಂದೆ ದುಂಡಗೆ ಒಂದು ಸೊನ್ನೆ.

ಎತೆಲ್ಕಾಳಿಗೆ ಇದು ಗೊತ್ತಾದದ್ದು ನವೆಂಬರಿನ ಬೇಟೆಗಾರರ ಊಟದಲ್ಲಿ. ಯಾರೋ ಒಬ್ಬ ಪಕ್ಕದ ಬೆಂಚಿನಲ್ಲಿ, "ಪಾಪ ವೆಂಡೆಲ್, ಬಿಳಿಚಿಕೊಂಡ ಸಾರಂಗ ಹೊಡ್ದ. ಬಣ್ಣ ಒಂದಿದ್ದಿದ್ರೆ ಚಿನ್ನ ಕಣಯ್ಯ, ಕಣ್ಣು ಮುಚ್ಕೊಂಡು ಚಿನ್ನ" ಅಂದ. ಎತೆಲ್ಕಾ ಬಾಯಿಗೆ ಒಯ್ದ ಮಾಂಸದ ತುಂಡನ್ನು ತಟ್ಟೆಗೆ ವಾಪಸ್ ಇಟ್ಟಳು. ಸಾರಂಗ ಬಿಳಿಚಿಕೊಂಡಿರಲಿಲ್ಲ, ಅದು ಅವಳಿಗೊಬ್ಬಳಿಗೇ ಗೊತ್ತು. ಎದುರು ಕುಳಿತ ಗಂಡ ಬ್ರೆಡ್ಡಿನಿಂದ ತಟ್ಟೆ ಒರೆಸಿಕೊಂಡು ತಿನ್ನುತ್ತಿದ್ದ. ಪಾಪ, ಹುಟ್ಟಾ ಬಿಳಿ ಅಂತಲೇ ನಂಬಿದ್ದಾನೆ ಅಂದುಕೊಂಡಳು. ಹೇಳಿಬಿಡಬೇಕು ಅನ್ನಿಸಿತು. ಮದುವೆಯಾಗಿ ಮೂರು ತಿಂಗಳಷ್ಟೇ. ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆಗೆ ನಲವತ್ತು ವರ್ಷವಾಯಿತು.

ಹೇಳುವ ಬದಲು ಅವಳು ರಿಪೇರಿಗೆ ಇಳಿದಳು. ಮರುವರ್ಷ ಸಾರಂಗ ಕೂಗುವ ಕಾಲ ಮುಗಿದು ವೆಂಡೆಲ್ ಅತಿಥಿಗಳ ಲೆಕ್ಕ ಒಪ್ಪಿಸಲು ಪೇಟೆಗೆ ಹೋದ ದಿನ, ಅಕ್ರೋಟಿನ ಸಿಪ್ಪೆ ಕುದಿಸಿ, ಅಡುಗೆಮನೆಯ ಗೋಡೆಯ ಮುಂದೆ ಸ್ಟೂಲು ಹಾಕಿ ಹತ್ತಿ, ಹಿಟ್ಟಿಗೆ ಬೆಣ್ಣೆ ಸವರುವ ಹೆಬ್ಬಾತಿನ ಗರಿಯಿಂದ ಕೊಂಬಿಗೆ ಒಂದೇ ಒಂದು ಕೈ ಬಳಿದಳು. ಒಂದೇ. ಒಮ್ಮೆಗೇ ಕಂದಾದರೆ ಸಿಕ್ಕಿಬೀಳುತ್ತಾಳೆ. ವರ್ಷಕ್ಕೊಂದು ಕೈಯಂತೆ ಹೋದರೆ ಗಂಡಸಿನ ಕಣ್ಣಿಗೆ ಬೀಳುವುದಿಲ್ಲ, ಹೆಂಡತಿಯ ನರೆಗೂದಲೇ ಬೀಳುವುದಿಲ್ಲ ಎಂದಮೇಲೆ.

ಇತ್ತ ವೆಂಡೆಲನಿಗೆ ಬೇರೆಯೇ ಹುಚ್ಚು ಹತ್ತಿತು. ಜಗತ್ತಿನಲ್ಲಿ ಕೊಂಬಿಗೆ ಅಂಕ ಹಾಕುವ ಪದ್ಧತಿ ನಮ್ಮದೊಂದೇ ಅಲ್ಲ ಎಂದು ಯಾವನೋ ಅತಿಥಿ ಅವನ ಕಿವಿಯಲ್ಲಿ ಊದಿದ್ದ. ಅಂದಿನಿಂದ ಬಂದ ಅತಿಥಿಗಳ ಹತ್ತಿರ ಅವನು ಬಕ್ಷೀಸು ಕೇಳುತ್ತಿರಲಿಲ್ಲ, ಅವರವರ ದೇಶದ ಪುಸ್ತಕ ಕೇಳುತ್ತಿದ್ದ. ಪುಸ್ತಕ ಬಂತೆಂದರೆ ಆ ಚಳಿಗಾಲ ಹೋಯಿತು. ಸಾರಂಗವನ್ನು ಗೋಡೆಯಿಂದ ಇಳಿಸಿ ಊಟದ ಮೇಜಿನ ಮೇಲೆ ಮಲಗಿಸಿ ಮೊದಲಿನಿಂದ ಅಳೆಯಬೇಕು. ಎಷ್ಟೋ ಭಾನುವಾರ ದಂಪತಿಗಳು ಕಿಟಕಿ ಕಟ್ಟೆಯ ಮೇಲೆ ತಟ್ಟೆಯಿಟ್ಟುಕೊಂಡು ಉಂಡಿದ್ದಾರೆ.

ಒಂದು ಅಮೆರಿಕನ್ ಪದ್ಧತಿಗಾಗಿ ಅವನು ಇಂಚು ಕಲಿತ, ಇಂಚಿನ ಎಂಟನೇ ಒಂದು ಭಾಗ ಕಲಿತ. ಆರು ವಾರ ಲೆಕ್ಕ ಹಾಕಿದ ಮೇಲೆ ತಿಳಿದದ್ದು, ಅಲ್ಲಿ ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟನ್ನು ಕಳೆಯುತ್ತಾರೆ ಎಂದು. ವೆಂಡೆಲನ ಸಾರಂಗಕ್ಕೆ ಎಡ ಕಿರೀಟದಲ್ಲಿ ಒಂದು ಕವಲು ಹೆಚ್ಚು. ನಮ್ಮಲ್ಲಿ ಅದಕ್ಕೊಂದು ಅಂಕ ಸಿಕ್ಕಿತ್ತು, ಅಲ್ಲಿ ಅದೇ ಕವಲಿಗೆ ದಂಡ.

"ನನ್ನ ಎಡಗಿವಿ ಬಲಗಿವಿಗಿಂತ ದೊಡ್ಡದು" ಅಂದಳು ಎತೆಲ್ಕಾ ಬಟಾಣಿ ಬಿಡಿಸುತ್ತ. "ನನ್ನನ್ನೂ ಕಳೀತಾರಾ?"

"ನಿನ್ನನ್ನ ಯಾಕೆ ಕಳೀತಾರೆ? ನಿನ್ನ ಕಿವಿ ಅಳತೆಗೆ ಬರಲ್ಲ."

"ಯಾರ ಅಳತೆಗೆ ಬರಲ್ಲ?"

"ಸುಮ್ನಿರು, ಏಳು ಬೈ ಎಂಟು ಎಷ್ಟಂತ ಮರ್ತೋಯ್ತು."

ನ್ಯೂಜಿಲೆಂಡಿನವರ ಪದ್ಧತಿಯೂ ಎಡಬಲಗಳ ಹೊಂದಾಣಿಕೆಯನ್ನೇ ಹಿಡಿದು ಕೂತಿತ್ತು. ನಮ್ಮ ಅಜ್ಜಂದಿರ ಕಾಲದ ಹಳೆಯ ಪದ್ಧತಿಯ ಪುಸ್ತಕವನ್ನು ಸಂತೆಯಲ್ಲಿ ಹುಡುಕಿ ತಂದ. ಅದರ ಎರಡನೇ ಪುಟದಲ್ಲೇ ಬಣ್ಣಕ್ಕೆ ಅಂಕ ಇತ್ತು. ಪಟ್ಟನೆ ಮುಚ್ಚಿ ಎತ್ತಿಟ್ಟ. ಅಮೆರಿಕದ್ದೇ ಇನ್ನೊಂದು ಪದ್ಧತಿಯಲ್ಲಿ ಎಲ್ಲವನ್ನೂ ಕೂಡುತ್ತಾರೆ, ಏನನ್ನೂ ಕಳೆಯುವುದಿಲ್ಲ. ಅದರಲ್ಲಿ ಅವನ ಸಾರಂಗ ಮುಗಿಲು ಮುಟ್ಟಿತು. ವೆಂಡೆಲ್ ಎರಡು ದಿನ ಮತ್ತೆ ಮತ್ತೆ ಕೂಡಿ ನೋಡಿ ಮೂರನೇ ದಿನ, "ಯಾರಿಂದ್ಲೂ ಏನೂ ಕಳೀದೇ ಇರೋದು ಪದ್ಧತಿಯಲ್ಲ, ಅದು ಅಜ್ಜಿ" ಎಂದು ಅದನ್ನೂ ಡಬ್ಬಿಗೆ ಹಾಕಿದ. ಪುಸ್ತಕಗಳೆಲ್ಲ ಇದ್ದದ್ದು ದೊಡ್ಡದೊಂದು ತಗಡಿನ ಡಬ್ಬಿಯಲ್ಲಿ, ಬೀರುವಿನ ಮೇಲೆ. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಎತೆಲ್ಕಾ ಒಂದು ಗಮನಿಸಿದ್ದಳು. ಯಾವ ದೇಶದ ಪುಸ್ತಕ ಬಂದರೂ ಅವನು ಮೊದಲು ತೆರೆಯುತ್ತಿದ್ದದ್ದು ಬಣ್ಣದ ಪುಟವನ್ನೇ. ಭಾಷೆ ಬಾರದಿದ್ದರೂ ನಿಘಂಟು ಹಿಡಿದು ಆ ಒಂದು ಶಬ್ದ ಹುಡುಕುತ್ತಿದ್ದ. ಹೋದ ಎರಡು ಅಂಕಕ್ಕಾಗಿ ಇನ್ನೂ ಕೊರಗುತ್ತಿದ್ದಾನೆ ಅಂದುಕೊಳ್ಳುತ್ತಿದ್ದಳು. ಆ ವರ್ಷ ಸಿಪ್ಪೆಯ ಕಷಾಯ ಸ್ವಲ್ಪ ಗಟ್ಟಿಯಾಗುತ್ತಿತ್ತು.

ಹದಿನಾರನೇ ಅಥವಾ ಹದಿನೇಳನೇ ಕೈಗೆ ಆದ ಅನಾಹುತ ಯಾರೂ ಎಣಿಸಿರಲಿಲ್ಲ. ಒಂದು ಭಾನುವಾರ ವೆಂಡೆಲ್ ನೂಡಲ್ಸಿನ ಮೇಲೆ ಗಸಗಸೆ ಉದುರಿಸಿಕೊಳ್ಳುತ್ತಿದ್ದವನು ಕೈ ತಡೆದು ಗೋಡೆ ನೋಡಿದ.

"ಎತೆಲ್ಕಾ, ಸಾರಂಗ ಕಂದಾಗ್ತಿದೆ."

ಅವಳು ಒಲೆಯ ಕಡೆ ತಿರುಗಿದಳು. "ಹೊಗೆ ಇರ್ಬೇಕು. ಒರೆಸ್ಲಾ?"

"ಮುಟ್ಬೇಡ!" ಎಂದು ಅವನು ಎದ್ದು ನಿಂತ. ಅವನ ಕಣ್ಣಲ್ಲಿ ನೀರು. "ಹೊಗೆಯಲ್ಲ ಕಣೇ. ಒಳಗಿಂದ ಬರ್ತಿದೆ. ತಾನಾಗೇ ವಾಪಸ್ ಬರ್ತಿದೆ."

ಇಲ್ಲಿಗೇ ನಕ್ಕು ಮುಗಿಸಬಹುದಿತ್ತು. ಆದರೆ ವೆಂಡೆಲ್ ವಿಜ್ಞಾನಕ್ಕೆ ಕೈ ಹಾಕಿದ. ನೋಟುಬುಕ್ಕು ಇಟ್ಟ. ಮೊದಲ ವರ್ಷ "ಬ್ರೆಡ್ಡಿನ ಹೊರಪದರ" ಎಂದು ಬರೆದ, ಆಮೇಲೆ "ಹಾಲು ಹಾಕಿದ ಕಾಫಿ", ಐದು ವರ್ಷ ಕಳೆದು "ಹಾಲಿಲ್ಲದ ಕಾಫಿ". ಕೊನೆಗೆ ಬೇಟೆಗಾರರ ಸಂಘದ ವಾರ್ಷಿಕ ಊಟದಲ್ಲಿ ಅರವತ್ತೆರಡು ಜನ ಬೇಟೆಗಾರರ ಮುಂದೆ ನಿಂತು, ಕೊಂಬು ಸತ್ತಿರುವುದಿಲ್ಲ, ಗೋಡೆಯ ಮೇಲೆ ಹಣ್ಣಾಗುತ್ತದೆ ಎಂದು ಮುಕ್ಕಾಲು ಗಂಟೆ ಭಾಷಣ ಬಿಗಿದ. ಆದರೆ ಎಲ್ಲ ಮನೆಯಲ್ಲೂ ಹಣ್ಣಾಗುವುದಿಲ್ಲ, ಅಡುಗೆಮನೆಯ ಹಬೆ ಒಳ್ಳೆಯದಿರಬೇಕು, ಮನೆಯಾಕೆಯ ಸ್ವಭಾವ ಮೃದುವಾಗಿರಬೇಕು ಎಂದೂ ಸೇರಿಸಿದ. ಎತೆಲ್ಕಾ ಮೂಲೆಯಲ್ಲಿ ಕಪ್ಪು ಕೈಗಳನ್ನು ಬಟ್ಟೆಯೊಳಗೆ ಹುದುಗಿಸಿಕೊಂಡು ಕೂತಿದ್ದಳು. ನೆಲ ಬಾಯಿಬಿಟ್ಟಿದ್ದರೆ ಸ್ಟೂಲಿನ ಸಮೇತ ಇಳಿದುಹೋಗುತ್ತಿದ್ದಳು.

ಆಗ ಶುರುವಾಯಿತು ನಮ್ಮೂರಿನ ಹೆಂಗಸರ ಗ್ರಹಚಾರ. ಗಂಡಸರೆಲ್ಲ ಬೈಠಕ್ ಕೋಣೆಯ ಕೊಂಬುಗಳನ್ನು ಕಿತ್ತು ಒಲೆಯ ಮೇಲೆ ನೇತುಹಾಕಿದರು. ವರ್ಷ ಕಳೆದರೂ ಒಂದೂ ಹಣ್ಣಾಗಲಿಲ್ಲ. ಹಣ್ಣಾಗದಿದ್ದರೆ ತಪ್ಪು ಯಾರದು? ಪಕ್ಕದ ಮನೆಯ ಬೆರ್ತಲಾನ್ ತನ್ನ ಹೆಂಡತಿ ಯೊಲಾನಳ ಸೂಪಿನಲ್ಲೇ ದೋಷವಿದೆ ಎಂದು ಎಲೆಕೋಸು ಬಿಡಿಸಿದ, ಬೆಳ್ಳುಳ್ಳಿ ಬಿಡಿಸಿದ, ಅವಳ ದನಿ ಏರಿದಾಗಲೆಲ್ಲ ಕೊಂಬಿನ ಕಡೆ ಬೊಟ್ಟು ಮಾಡಿ ತೋರಿಸಿದ. ಹೀಗೆ ಹತ್ತು ವರ್ಷಕ್ಕೂ ಮೇಲೆ ನಡೆಯಿತು. ಒಂದು ದಿನ ಹಬೆಗೆ ಮೊಳೆ ಸಡಿಲಾಗಿ ಹದಿನಾಲ್ಕು ಕವಲಿನ ಕೊಂಬು ಹುರುಳಿಕಾಯಿ ಸೂಪಿನ ಪಾತ್ರೆಗೆ ಬಿತ್ತು. ಕಾದ ಸೂಪು ಬೆರ್ತಲಾನನ ತೊಡೆಗೆ ಹಾರಿತು. ಅವತ್ತೇ ಯೊಲಾನ್ ಕಾಗದ ಪೆನ್ನು ತೆಗೆದುಕೊಂಡು ಜಿಲ್ಲಾ ಕಚೇರಿಗೆ ಬರೆದಳು: ನಮ್ಮೂರಿನಲ್ಲಿ ಒಂದು ಸಾರಂಗ ಹಣ್ಣಾಗುತ್ತಿದೆ, ದಯವಿಟ್ಟು ಯಾರಾದರೂ ಓದಿದವರು ಬಂದು ನೋಡಿ, ಇಲ್ಲವಾದರೆ ನಾನು ಗಂಡನನ್ನು ಬಿಡುತ್ತೇನೆ.

ವೆಂಡೆಲನೂ ಅದೇ ಕಚೇರಿಗೆ ಮತ್ತೆ ಅಂಕ ಹಾಕಿ ಎಂದು ಹನ್ನೊಂದು ಸಲ ಅರ್ಜಿ ಹಾಕಿದ್ದ. ಎರಡೂ ಕಾಗದ ಒಂದೇ ಮೇಜಿಗೆ ಬಂದವು. 2014ರ ನವೆಂಬರಿನಲ್ಲಿ ಒಂದು ಬೆಳಗ್ಗೆ ಅಂಕ ಹಾಕುವ ಡಾಕ್ಟರ್ ಗೆಡಿಯೋನ್ ಖುದ್ದಾಗಿ ಬಂದರು. ನಲವತ್ತೈದರ ಮನುಷ್ಯ, ನೆಗಡಿ, ಕೈಯಲ್ಲಿ ಉಕ್ಕಿನ ಟೇಪು, ತಕ್ಕಡಿ, ಹಳೆಯದೊಂದು ಕಡತ. ಹಿಂದೆಯೇ ಯೊಲಾನ್ ಬಂದಳು, ಅವಳ ಹಿಂದೆ ತೊಡೆಗೆ ಬ್ಯಾಂಡೇಜು ಸುತ್ತಿಕೊಂಡ ಬೆರ್ತಲಾನ್ ಕುಂಟುತ್ತ ಬಂದ. ಎತೆಲ್ಕಾ ನಲವತ್ತನೇ ಕೈ ಬಳಿದು ಆಗಿನ್ನೂ ಮೂರು ವಾರ.

ವೆಂಡೆಲ್ ಭಾನುವಾರದ ಕೋಟು ಹಾಕಿಕೊಂಡಿದ್ದ. ಸಾರಂಗವನ್ನು ಮೇಜಿನ ಮೇಲೆ ಇಟ್ಟು ಹೆಣ್ಣೊಪ್ಪಿಸುವ ತಂದೆಯ ಹಾಗೆ ಪಕ್ಕಕ್ಕೆ ನಿಂತ. ಡಾಕ್ಟರು ಮನೆಯವರು ಕೊಟ್ಟ ಪ್ಲಮ್ ಬ್ರಾಂದಿ ಕುಡಿದು, ಮೂಗು ಒರೆಸಿಕೊಂಡು, ಅಳೆಯಲು ತೊಡಗಿದರು. ಎತೆಲ್ಕಾ ಒಲೆಗೆ ಬೆನ್ನು ಕೊಟ್ಟು, ಕೈಗಳನ್ನು ಏಪ್ರನ್ನಿನ ಕೆಳಗೆ ಇಟ್ಟುಕೊಂಡು ನಿಂತಿದ್ದಳು. ಬಣ್ಣ ಬಳಿದದ್ದು ಸಿಕ್ಕಿದರೆ ಕೊಂಬು ರದ್ದು, ಆ ಬೆಳ್ಳಿಯೂ ಹೋಗುತ್ತದೆ, ಹೆಸರಿನ ಮುಂದೆ ಮೋಸ ಎಂದು ಬರೆಯುತ್ತಾರೆ. ಅದು ಬರೆಯುವುದು ಅವಳ ಹೆಸರಿನ ಮುಂದಲ್ಲ, ವೆಂಡೆಲನ ಹೆಸರಿನ ಮುಂದೆ. ಜೀವಮಾನದಲ್ಲಿ ಮೊಲವನ್ನೂ ಕದ್ದು ಹೊಡೆಯದ ಮನುಷ್ಯ ಅವನು.

"ತೂಕ ಸ್ವಲ್ಪ ಇಳಿದಿದೆ ಬಾಚಿ. ಒಂಬತ್ತು ಕೆಜಿ ನೂರ ಇಪ್ಪತ್ತು ಇತ್ತು, ಈಗ ಎಂಟು ಒಂಬೈನೂರ ಎಂಬತ್ತು."

"ಒಣಗತ್ತೆ. ನಾನೂ ಒಣಗಿದೀನಿ."

"ಉಳಿದದ್ದೆಲ್ಲ ಹಾಗೇ ಇದೆ. ಬಣ್ಣ ಬಿಟ್ಟು 208.44." ಡಾಕ್ಟರು ಕನ್ನಡಕ ಏರಿಸಿದರು. "ಒಂದೂವರೆ ಕೊಟ್ಟರೆ 209.94."

ಬೆರ್ತಲಾನ್, "ಥೂ" ಅಂದ.

ಡಾಕ್ಟರು ಸಾರಂಗವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆಚೆ ತಿರುಗಿಸಿದರು, ಈಚೆ ತಿರುಗಿಸಿದರು. ಕವಲಿನ ಸಂದಿಗಳಲ್ಲಿ ಕಡುಗಪ್ಪು, ಮೈಮೇಲೆ ಹುರಿದ ಕಾಫಿಬೀಜದ ಬಣ್ಣ. ನಲವತ್ತು ವರ್ಷದ ತಾಳ್ಮೆಯ ಕೆಲಸ, ಅಷ್ಟು ಚೆಂದದ ಕೊಳೆ ಯಾವ ಕಾಡಿನಲ್ಲೂ ಸಿಗುತ್ತಿರಲಿಲ್ಲ.

"ಎರಡು" ಅಂದರು ಡಾಕ್ಟರು. "ಪೂರ್ತಿ ಎರಡು. 210.44."

ವೆಂಡೆಲ್ ಕುರ್ಚಿ ಹುಡುಕಿ ಕೂತ. ಯೊಲಾನ್ ಅಳಲು ಶುರುಮಾಡಿದಳು, ಸಂತೋಷಕ್ಕಲ್ಲ, ಸೂಪಿನಲ್ಲಿ ನಿಜವಾಗಿಯೂ ದೋಷವಿತ್ತು ಎಂದು ಈಗ ಸರ್ಕಾರವೇ ಒಪ್ಪಿದಂತಾಯಿತಲ್ಲ ಎಂದು. ಡಾಕ್ಟರು ಬ್ಯಾಗಿನಿಂದ ಬಿಳಿ ಬಟ್ಟೆಯೊಂದನ್ನು ತೆಗೆದು ಬಾಟಲಿಯ ದ್ರಾವಣದಲ್ಲಿ ಅದ್ದಿದರು.

"ಇದೊಂದು ಶಾಸ್ತ್ರಕ್ಕೆ. ಒರೆಸಿ ನೋಡ್ಬೇಕು ಅಂತ ನಿಯಮ. ಈಗ ಮುಗೀತು."

"ಒರೆಸ್ಬೇಡಿ" ಅಂದಳು ಎತೆಲ್ಕಾ.

ಎಲ್ಲರೂ ತಿರುಗಿದರು. ಅವಳು ಏಪ್ರನ್ನಿನ ಕೆಳಗಿಂದ ಎರಡೂ ಕೈ ತೆಗೆದು ಮೇಜಿನ ಮೇಲೆ, ಸಾರಂಗದ ಪಕ್ಕದಲ್ಲಿ ಇಟ್ಟಳು. ಎರಡರದ್ದೂ ಒಂದೇ ಬಣ್ಣ.

"ಅಕ್ರೋಟು" ಅಂದಳು. "ಅವನಿಗೆ ಏನೂ ಗೊತ್ತಿಲ್ಲ ಡಾಕ್ಟ್ರೇ, ಬರೆಯೋದಿದ್ರೆ ನನ್ನ ಹೆಸರಲ್ಲಿ ಬರೀರಿ. ವರ್ಷಕ್ಕೊಂದು ಕೈ, ನಲವತ್ತು ಕೈ, ಬಾತಿನ ಗರೀಲಿ. ಅದು ಹುಟ್ಟಾ ಬಿಳಿ ಇರ್ಲಿಲ್ಲ. ನಾನು ಉಜ್ಜಿದ್ದು. ಬೂದಿನೀರು ಹಾಕಿ ಉಜ್ಜಿಬಿಟ್ಟೆ. ಬೆಳ್ಳಗಾಗ್ಬೇಕು ಅಂದಿದ್ದ, ಪೂರ್ತಿ ಅಂದ್ಕೊಂಡೆ." ಆಮೇಲೆ ಗಂಡನ ಕಡೆ ತಿರುಗಿದಳು. "ನಿನ್ನ ಚಿನ್ನ ತೊಳ್ದು ಚರಂಡಿಗೆ ಹಾಕಿದ್ದು ನಾನೇ, ಮುದುಕಾ. ಹೇಳ್ಬೇಕಂತ ಇದ್ದೆ."

ವೆಂಡೆಲ್ ಅವಳ ಕೈಗಳನ್ನೇ ನೋಡುತ್ತಿದ್ದ. "ಉಜ್ಜಿದ್ದು ನಂಗೊತ್ತಿತ್ತು" ಅಂದ.

"ಏನು?"

"ಕಣ್ಣಿಲ್ವಾ ನಂಗೆ? ಬೆಳಗ್ಗೆ ಕಂದಿತ್ತು, ಸಂಜೆ ಬಿಳಿ ಇತ್ತು."

ಡಾಕ್ಟರು ಗಂಟಲು ಸರಿಮಾಡಿಕೊಂಡು ಕಡತ ತೆರೆದರು. 1974ರ ಹಾಳೆ, ಮಾರ್ಟೊನ್ ಬಾಚಿಯ ಬಾಗಿದ ಅಕ್ಷರ. ಬಣ್ಣದ ಮುಂದೆ ಒಂದು ಟಿಪ್ಪಣಿ ಇತ್ತು, ಅದನ್ನು ಅವರು ಗಟ್ಟಿಯಾಗಿ ಓದಿದರು: "ಮಾಲೀಕನ ಹೇಳಿಕೆಯಂತೆ ಪ್ರಾಣಿ ಹುಟ್ಟಿನಿಂದಲೇ ಬಿಳಿಚು. ನನಗೆ ನಂಬಿಕೆಯಿಲ್ಲ. ತಯಾರಿಸುವಾಗ ಹಾಳಾಗಿದೆ ಎಂದು ತೋರುತ್ತದೆ. ತಯಾರಿಸಿದವರ ಹೆಸರು ಕೊಟ್ಟರೆ ಬಣ್ಣಕ್ಕೆ ಒಂದೂವರೆ ಪರಿಗಣಿಸಬಹುದು ಎಂದರೂ ಮಾಲೀಕ ಕೊಡಲಿಲ್ಲ." ಕೆಳಗೆ 'ತಯಾರಿಸಿದವರು' ಎಂಬ ಸಾಲು ಖಾಲಿ ಇತ್ತು.

"ಒಂದೂವರೆ" ಅಂದ ಬೆರ್ತಲಾನ್, ಬೆರಳು ಮಡಚಿ ಲೆಕ್ಕ ಹಾಕಿ. "ಲೋ ಕತ್ತೆ, ಆವತ್ತೇ ಚಿನ್ನ ಆಗ್ತಿತ್ತಲ್ಲೋ!"

"ಹೆಸರು ಕೊಟ್ಟರೆ ಊರೆಲ್ಲ ಓದ್ತಾರೆ" ಅಂದ ವೆಂಡೆಲ್ ಸಿಡುಕಿನಿಂದ. "ಪಟ್ಟಿ ಸಂಘದ ಬಾಗಿಲಿಗೆ ಅಂಟಿಸ್ತಿದ್ರು. ಕೊಂಬು ತೊಳೆದ ಸೊಸೆ ಅಂತ ಸಾಯೋವರ್ಗೂ ಕರೀತಿದ್ರು ಇವಳನ್ನ. ನಿನಗೆ ಗೊತ್ತಿಲ್ವಾ ನಮ್ಮೂರಿನ ಬಾಯಿ? ನಿನ್ನದೇ ಬಾಯಿ ನೋಡ್ಕೋ." ಆಮೇಲೆ ಹೆಂಡತಿಯ ಮುಖ ನೋಡದೆ, ಮೇಜಿಗೆ ಹೇಳುವ ಹಾಗೆ ಹೇಳಿದ. "ಅಮೆರಿಕದವನು ಬಣ್ಣ ನೋಡಲ್ಲ. ನ್ಯೂಜಿಲೆಂಡಿನವನೂ ನೋಡಲ್ಲ. ಜಗತ್ತಲ್ಲಿ ಮರ್ಯಾದಸ್ಥರದ್ದು ಒಂದಾದ್ರೂ ಪದ್ಧತಿ ಇದನ್ನ ಚಿನ್ನ ಅಂದಿದ್ರೆ, ನೀನು ಉಜ್ಜಿದ್ದಕ್ಕೆ ಏನೂ ಹೋಗಿಲ್ಲ ಅಂತ ಆಗ್ತಿತ್ತು. ಆಮೇಲೆ ನಿಂಗೆ ಹೇಳೋಣ ಅಂತಿದ್ದೆ. ಎಲ್ಲ ಬಡ್ಡಿಮಕ್ಳೂ ಆ ಎಡಗಡೆ ಕವಲು ಹಿಡ್ಕೊಂಡು ಕೂತ್ರು."

ನಲವತ್ತು ಚಳಿಗಾಲ ಕಿಟಕಿ ಕಟ್ಟೆಯ ಮೇಲೆ ಉಂಡ ಊಟಗಳೆಲ್ಲ ಒಟ್ಟಿಗೆ ನೆನಪಾದವು. ಅವಳಿಗೆ ಅಳು ಬಂತು, ಅತ್ತಳು.

ಆಗ ವೆಂಡೆಲನಿಗೆ ಇದ್ದಕ್ಕಿದ್ದಂತೆ ಇನ್ನೊಂದು ವಿಷಯ ಹೊಳೆಯಿತು. ಮುಖ ಕೆಂಪಾಯಿತು.

"ಹಾಗಾದ್ರೆ ಹಣ್ಣಾಗ್ತಿರ್ಲಿಲ್ವಾ ಅದು?"

"ಇಲ್ಲ."

"ಅರವತ್ತೆರಡು ಜನರ ಮುಂದೆ ಭಾಷಣ ಮಾಡಿದೀನಿ ಕಣೇ! ಮುಕ್ಕಾಲು ಗಂಟೆ! ನೀನು ಅಲ್ಲೇ ಕೂತಿದ್ದೆ!"

"ಮೂಲೇಲಿ ಕೂತಿದ್ದೆ."

"ಒಂದು ಕೆಮ್ಮಾದ್ರೂ ಕೆಮ್ಮಬಾರ್ದಿತ್ತಾ?"

"ಆವತ್ತೂ ನಿನ್ನ ಕಣ್ಣಲ್ಲಿ ನೀರಿತ್ತು" ಅಂದಳು ಎತೆಲ್ಕಾ. "ಹೇಗೆ ಕೆಮ್ಮೋದು?"

"ಕಣ್ಣೀರು ಬಂದಿದ್ದು ನಿನ್ನ ತಪ್ಪನ್ನ ಅದೇ ಸರಿಮಾಡ್ಕೊಳ್ತಿದೆ ಅಂತ!" ವೆಂಡೆಲ್ ಕೂಗಿದ. ಕೂಗಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿ ಕೋಟಿನ ಗುಂಡಿ ಬಿಚ್ಚಿದ. ಇಷ್ಟರಲ್ಲಿ ಯೊಲಾನ್ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದ್ದಳು. "ಎಲೆಕೋಸು" ಅಂದಳು ತಣ್ಣಗೆ. "ಬೆಳ್ಳುಳ್ಳಿ. ಹದಿಮೂರು ವರ್ಷ." ಬೆರ್ತಲಾನ್ ಕುಂಟುವ ಕಾಲನ್ನು ಮರೆತು ಬಾಗಿಲ ಕಡೆ ನಡೆದ.

ಡಾಕ್ಟರಿಗೆ ಇಂಥ ಪ್ರಸಂಗ ನಿಯಮಪುಸ್ತಕದಲ್ಲಿ ಎಲ್ಲೂ ಸಿಗಲಿಲ್ಲ. ಇನ್ನೊಂದು ಲೋಟ ಬ್ರಾಂದಿ ಕುಡಿದು ಯೋಚಿಸಿದರು. ಬಳಿದ ಕೊಂಬಿಗೆ ಅಂಕ ಹಾಕುವಂತಿಲ್ಲ, ಅದು ರದ್ದು. ಆದರೆ ತಾವಿನ್ನೂ ಹಾಳೆಗೆ ಸಹಿ ಹಾಕಿಲ್ಲ, ಬಟ್ಟೆಯಿಂದ ಒರೆಸಿಯೂ ಇಲ್ಲ. "ನನ್ನ ಕಣ್ಣೆದುರೇ ಬಣ್ಣ ಪೂರ್ತಿ ತೆಗೆದರೆ, ಇರೋ ಹಾಗೇ ಅಂಕ ಹಾಕ್ತೀನಿ" ಅಂದರು. "ಆದ್ರೆ ಬಣ್ಣಕ್ಕೆ ಸೊನ್ನೆ, ವೆಂಡೆಲ್ ಬಾಚಿ. ತೂಕವೂ ಇಳಿದಿದೆ. ಮೊದಲಿಗಿಂತ ಕಮ್ಮಿಯಾಗತ್ತೆ. ಯೋಚನೆ ಮಾಡಿ."

ವೆಂಡೆಲ್ ಯೋಚನೆ ಮಾಡಲಿಲ್ಲ. ಕುರ್ಚಿ ಎಳೆದು ಹತ್ತಿ, ಬೀರುವಿನ ಮೇಲಿನ ತಗಡಿನ ಡಬ್ಬಿ ಇಳಿಸಿದ. ಅಮೆರಿಕದ ಪುಸ್ತಕ ತೆಗೆದು ಪಕ್ಕಕ್ಕಿಟ್ಟ, ನ್ಯೂಜಿಲೆಂಡಿನದು ತೆಗೆದ, ಅಜ್ಜಿಯ ಪದ್ಧತಿಯದು ತೆಗೆದ. ಎಲ್ಲಕ್ಕಿಂತ ಕೆಳಗೆ, 1974ರ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ನೆಲ ತಿಕ್ಕುವ ಬ್ರಷ್ಷು ಇತ್ತು. ಕೂದಲಿನ ತುದಿಯಲ್ಲಿ ಇನ್ನೂ ಕಂದು ಬಣ್ಣ ಉಳಿದಿತ್ತು.

"ನನ್ನ ಬ್ರಷ್ಷು!" ಅಂದಳು ಎತೆಲ್ಕಾ. "ನಾಯೀನ ಎಷ್ಟು ಬೈದೆ!"

"ಯಾರಾದ್ರೂ ನೋಡಿದ್ರೆ ಗೊತ್ತಾಗ್ತಿತ್ತು. ಸುಡೋಣ ಅಂದ್ಕೊಂಡೆ. ಒಳ್ಳೆ ಬ್ರಷ್ಷು."

ಅಂಗಳದಲ್ಲಿ ಬಿಸಿಲಿತ್ತು. ಬೂದಿನೀರು ಕಾಯಿಸಿದರು. ವೆಂಡೆಲ್ ಭಾನುವಾರದ ಕೋಟಿನಲ್ಲೇ ಬಕೆಟ್ಟು ಹಿಡಿದು ನಿಂತ, ಎತೆಲ್ಕಾ ಮಂಡಿಯೂರಿ ಒಂದೊಂದೇ ಕವಲು ಉಜ್ಜಿದಳು. ನಲವತ್ತು ವರ್ಷ ಕಂದು ನೀರಾಗಿ ಪ್ಲಮ್ ಮರದ ಬುಡಕ್ಕೆ ಹರಿದುಹೋಯಿತು. ಕೆಲಸ ಮುಗಿದಾಗ ಊರಿನ ಅರ್ಧ ಜನ ಬೇಲಿಯ ಹತ್ತಿರ ನಿಂತಿದ್ದರು. ಡಾಕ್ಟರು ಬಿಳಿ ಬಟ್ಟೆಯಿಂದ ಒರೆಸಿದರು, ಬಟ್ಟೆ ಬಿಳಿಯಾಗಿಯೇ ಉಳಿಯಿತು. ಹೊಸ ಹಾಳೆಯ ಮೇಲೆ 208.44 ಎಂದು ಬರೆದು, ಬೆಳ್ಳಿ ಎಂದು ಗುರುತು ಹಾಕಿ, ಕೊನೆಯ ಸಾಲಿಗೆ ಬಂದು ತಲೆಯೆತ್ತಿದರು.

"ತಯಾರಿಸಿದವರು? ಖಾಲಿ ಬಿಡಲಾ?"

"ಕೋಜಾರ್ ಎತೆಲ್ಕಾ" ಅಂದ ವೆಂಡೆಲ್, ಬೇಲಿಯವರೆಗೂ ಕೇಳುವ ಹಾಗೆ. "ದೊಡ್ಡದಾಗಿ ಬರೀರಿ."

"ಇಬ್ಬರ ಹೆಸರೂ ಬರೀತೀನಿ."

"ಬೇಡ. ನಾನು ಬಕೆಟ್ ಹಿಡಿದಿದ್ದು ಅಷ್ಟೇ."

ಪಟ್ಟಿ ಸಂಘದ ಬಾಗಿಲಿಗೆ ಅಂಟಿತು. ಊರವರು ಒಂದು ತಿಂಗಳು ನಕ್ಕರು, ಕೊಂಬುಗಳನ್ನು ಅಡುಗೆಮನೆಯಿಂದ ವಾಪಸ್ ಬೈಠಕ್ ಕೋಣೆಗೆ ಸಾಗಿಸಿದರು. ಯೊಲಾನ್ ಇವತ್ತಿಗೂ ಪ್ರತಿ ಶುಕ್ರವಾರ ಎಲೆಕೋಸನ್ನೇ ಬೇಯಿಸುತ್ತಾಳೆ. ಮರುವರ್ಷದ ಅಕ್ಟೋಬರಿನಲ್ಲಿ ಅಕ್ರೋಟು ತಾನಾಗಿ ಉದುರಿ ಒಣಗಿತು. ಎತೆಲ್ಕಾ ಗಸಗಸೆಯ ಸುರುಳಿ ಮಾಡಲು ಕೂತಳು. ವೆಂಡೆಲ್ ಎದುರಿಗೆ ಬಂದು ಕೂತು, ಅವಳ ಬಲಗೈ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ. ಆಚೆ ತಿರುಗಿಸಿದ, ಈಚೆ ತಿರುಗಿಸಿದ. ಮದುವೆಯಾದ ವರ್ಷ ಬಿಟ್ಟರೆ ಅಕ್ಟೋಬರಿನಲ್ಲಿ ಆ ಕೈಯ ನಿಜವಾದ ಬಣ್ಣವನ್ನು ಅವನು ಕಂಡದ್ದೇ ಇಲ್ಲ.

"ಬಣ್ಣ ಸೊನ್ನೆ" ಅಂದ.

"ಬಿಡು, ಹಿಟ್ಟು ಕಲಸ್ಬೇಕು" ಅಂದಳು ಎತೆಲ್ಕಾ.

ಅವನು ಬಿಡಲಿಲ್ಲ.